ವಸಂತ್ ಕುಂಜ್‌ನ ನೇರಳೆ ಸಂಜೆ

ಸೊಸೆ ಆಕಾಶ ಅಳೆಯುವ ಕೆಲಸದಲ್ಲಿದ್ದರೆ ಮನೆಯಲ್ಲಿ ನಗುವುದಕ್ಕೆ ಬೇರೆ ಏರ್ಪಾಡು ಬೇಕಾಗುವುದಿಲ್ಲ. ನಾನು ಬಿ.ಎಸ್ಸಿ. ಓದಿದವಳು, ನಡೆದದ್ದನ್ನೆಲ್ಲ ತಾರೀಖು ಹಾಕಿ ಬರೆದಿಡುತ್ತೇನೆ. ಆದ್ದರಿಂದ ಇದರಲ್ಲಿ ಉತ್ಪ್ರೇಕ್ಷೆ ಇಲ್ಲ.

೧. ಸಾರಿನ ವಿಜ್ಞಾನ

ಜ್ವಾಲಾಮುಖಿ ಸಿಡಿದರೆ ಅದರ ಸಣ್ಣ ಕಣಗಳು ಮಳೆಮೋಡಗಳಿಗಿಂತ ಮೇಲಿನ ಸ್ತರಗೋಳಕ್ಕೆ ಹೋಗಿ ನಿಲ್ಲುತ್ತವಂತೆ. ಅವನ್ನು ಉಪಗ್ರಹದಿಂದ ಹೇಗೆ ಅಳೆಯುತ್ತೀ ಎಂದು ಸೊಸೆಯನ್ನು ಕೇಳಿದೆ.

"ಗಾಳಿ ಶುದ್ಧವಾಗಿದ್ದರೆ ಬಿಸಿಲಿನ ನೇರಳಾತೀತ ಕಿರಣ ಎಷ್ಟು ವಾಪಸ್ ಬರಬೇಕು ಅಂತ ಲೆಕ್ಕ ಹಾಕ್ತೀವಿ ಅತ್ತೆ. ನಿಜವಾಗಿ ಬಂದದ್ದನ್ನ ಅದರ ಜೊತೆ ಹೋಲಿಸಿ ವ್ಯತ್ಯಾಸ ಹಿಡೀತೀವಿ."

"ಇಷ್ಟೇನಾ? ನೀನು ಮಾಡಿದ ಸಾರನ್ನ ನಾನು ದಿನಾ ಹಾಗೇ ನೋಡೋದು."

"ಗೊತ್ತು ಅತ್ತೆ. ಅದಕ್ಕೇ ನನಗೆ ಈ ಕೆಲಸ ಬೇಗ ಅರ್ಥ ಆಯ್ತು."

೨. ಪಂದ್ಯ

ಎಲ್ಲೋ ದೂರದ ದ್ವೀಪದಲ್ಲಿ ಜ್ವಾಲಾಮುಖಿ ಸಿಡಿಯಿತು. ಕಣಗಳು ದೆಹಲಿಯ ಮೇಲೂ ಬಂದಿವೆ, ಸೂರ್ಯಾಸ್ತ ನೇರಳೆಯಾಗಬಹುದು ಎಂದಳು ಸೊಸೆ. ಖಂಡಿತ ಆಗುತ್ತದೆ ಎಂದು ನಾನು ನಮ್ಮ ಕನ್ನಡ ಕೂಟಕ್ಕೆಲ್ಲ ಸಾರಿಬಿಟ್ಟೆ.

ಕೆಳಮನೆಯ ನಿವೃತ್ತ ಕರ್ನಲ್, ಕೊಡಗಿನವರು, ತಮ್ಮ ಕಾರಿನ ಮೇಲೆ ಬೆರಳೆಳೆದು ಧೂಳು ತೋರಿಸಿದರು. "ಇದು ಯಾವ ಜ್ವಾಲಾಮುಖಿದು ಮೇಡಂ?"

"ಅದು ಪಕ್ಕದ ಗುರುಗ್ರಾಮದಲ್ಲಿ ಕಟ್ಟಡ ಕಟ್ಟೋ ಧೂಳು. ನಾಳೆ ನೇರಳೆ ಕಾಣದಿದ್ದರೆ ಕೂಟದ ಕಾರ್ಯದರ್ಶಿ ಪಟ್ಟ ನಿಮಗೇ!"

ಕೂಟ ಹುಟ್ಟಿದಾಗಿನಿಂದ ಸಭೆಯ ವರದಿ ಬರೆದವಳು ನಾನು. ಆ ಪಟ್ಟದ ಮೇಲೆ ಅವರಿಗೆ ಮೊದಲಿನಿಂದಲೂ ಕಣ್ಣು. ಬಾಯಿಂದ ಮಾತು ಬಿದ್ದಮೇಲೆ ನೆನಪಾಯಿತು.

೩. ತಾರಸಿಯ ಸಭೆ

ಎಲ್ಲರೂ ತಾರಸಿಗೆ ಬಂದರು. ಚಕ್ಕುಲಿ ಮುಗಿಯಿತು. ಸೂರ್ಯ ಮಾತ್ರ ಮುಳುಗಲೇ ಇಲ್ಲ. ದಿಗಂತ ತಲುಪುವ ಮೊದಲೇ ಹೊಗೆಯೊಳಗೆ ಮಾಯವಾದ.

"ಅಜ್ಜೀ, ಸೂರಜ್ ಕಹಾಂ ಗಯಾ?" ಸೂರ್ಯ ಎಲ್ಲಿ ಹೋದ ಎಂದು ಮೊಮ್ಮಗಳು ಹಿಂದಿಯಲ್ಲಿ ಕೇಳಿದಳು.

ನಾನು ಸೊಸೆಯ ಮುಖ ನೋಡಿದೆ. "ಮೇಲೆ ಕಣ ಇದೆ ತಾನೆ? ಇವರಿಗೆ ಹೇಳಮ್ಮ."

"ಇದೆ ಅತ್ತೆ. ಉಪಗ್ರಹ ಮೇಲಿಂದ ನೋಡತ್ತೆ, ಅದಕ್ಕೆ ಜ್ವಾಲಾಮುಖಿ ಕಾಣತ್ತೆ. ನಾವು ಕೆಳಗಿಂದ ನೋಡ್ತೀವಿ, ನಮಗೆ ದೆಹಲಿ ಕಾಣತ್ತೆ."

ಸ್ವಂತ ಸೊಸೆ! ಪಟ್ಟ ಹೋಯಿತು.

ಮರುದಿನ ಕರ್ನಲ್ ತಮ್ಮ ಮೊದಲ ವರದಿ ತಂದುಕೊಟ್ಟರು. ಕೆಂಪು ಪೆನ್ನು ಹಿಡಿದು ಕುಳಿತೆ. ಒಂದಕ್ಷರ ತಿದ್ದಲಾಗಲಿಲ್ಲ:

"ಸಂಜೆಗೆ ನಿಗದಿಯಾಗಿದ್ದ ಸೂರ್ಯಾಸ್ತವನ್ನು ಹೊಗೆಯ ಕಾರಣ ರದ್ದುಪಡಿಸಲಾಯಿತು. ಚಕ್ಕುಲಿ ಕಾರ್ಯಾಚರಣೆ ಯಶಸ್ವಿ. ನಮ್ಮ ಕಡೆ ಸಾವುನೋವು ಇಲ್ಲ. ಮಾಜಿ ಕಾರ್ಯದರ್ಶಿಯವರಿಗೆ ಸ್ವಲ್ಪ ಪೆಟ್ಟಾಗಿದೆ."