ಏಳನೇ ನಂಬರಿನ ಅಂಗಿ

ಏಳನೇ ನಂಬರಿನ ಅಂಗಿ ಬಂದದ್ದೇ ಗಂಗುಬಾಯಿಯ ಇಸ್ತ್ರಿ ನಿಂತಿತು. ಉಳಿದ ಇಪ್ಪತ್ತು ಅಂಗಿ ಮಡಚಿ ಆಗಿತ್ತು.

ಅದು ಕ್ವಾರ್ಟರ್‌ಬ್ಯಾಕ್‌ನ ಅಂಗಿ. ಅವಳು ಬಟ್ಟೆ ಒಗೆಯುವ ಕಾಂದಿವಲಿಯ ತಂಡದವರು ಆಡುವುದು ಅಮೆರಿಕದ ಫುಟ್‌ಬಾಲು. ಹೆಸರಿಗೆ ಫುಟ್‌ಬಾಲು, ಆಡುವುದು ಹೆಚ್ಚಾಗಿ ಕೈಯಲ್ಲಿ. ಮೈಮೇಲೆ ಬೀಳುವವರಿಂದ ತಪ್ಪಿಸಿಕೊಂಡು, ಓಡುವವನ ಕೈಗೆ ಚೆಂಡು ಎಸೆಯುವವನೇ ಕ್ವಾರ್ಟರ್‌ಬ್ಯಾಕ್. ಅವನಿಲ್ಲದ ತಂಡ ಮದುಮಗನಿಲ್ಲದ ದಿಬ್ಬಣ. ಈ ವರ್ಷ ಆ ಅಂಗಿ ತೊಟ್ಟ ಮೊದಲನೆಯವನ ಭುಜ ಕಳಚಿತು. ಎರಡನೆಯವನು ದುಬೈಗೆ ಹೋದ. ಮೂರನೆಯವನನ್ನು ಆಡಲು ಅತ್ತೆ ಬಿಡಲಿಲ್ಲ. ಇಂದು ನಾಲ್ಕನೆಯವನು, ಸಂತು. ಇವತ್ತೂ ಸೋತರೆ ತಂಡ ಮುಚ್ಚುವುದಾಗಿ ಮಾಲೀಕರು ಹೇಳಿದ್ದರು.

ಮುಚ್ಚಿದರೆ ಮತ್ತೆ ಕಂಡವರ ಮನೆಯ ಮುಸುರೆ ತಿಕ್ಕಬೇಕು. ಆ ಮನೆಗಳಲ್ಲಿ ಯಾರೂ ಅವಳ ಹೆಸರು ಕೇಳಿರಲಿಲ್ಲ. ಇಲ್ಲಿ ಇಪ್ಪತ್ತೊಂದು ಹುಡುಗರು ಚಿಕ್ಕಮ್ಮನನ್ನು ಕರೆದಂತೆ 'ಮೌಶಿ' ಎನ್ನುತ್ತಿದ್ದರು.

ಅಂಗಿಗೇ ಯಾರದೋ ಕಣ್ಣು ತಾಗಿದೆ ಎನ್ನಿಸಿತು. ಉಪ್ಪು, ಒಣಮೆಣಸಿನಕಾಯಿ ಹಿಡಿದು ಅಂಗಿಗೆ ಮೂರು ಸಲ ನಿವಾಳಿಸಿ ಕಾದ ತವೆಯ ಮೇಲೆ ಹಾಕಿದಳು. ಪಕ್ಕದ ಖೋಲಿಯ ಸೋಮವ್ವ ಸೀನುತ್ತ ಬಂದಳು.

"ಏನ ಸುಡಾಕತ್ತೀಯೇ ಯವ್ವಾ? ಚಾಳಿನವರನ್ನೆಲ್ಲಾ ಕೊಲ್ತಿ ಏನು?"

"ಅಂಗಿಗೆ ದೃಷ್ಟಿ ತೆಗದೆ, ಸೋಮಕ್ಕ."

"ದೃಷ್ಟಿ ಆಗಿದ್ರ ಘಾಟು ಬರಬಾರದಿತ್ತು. ಬಂತಂದ್ರ ದೃಷ್ಟಿ ಇಲ್ಲ. ನಿನ್ನ ಹುಡುಗರಿಗೆ ಆಡಾಕ ಬರೂದಿಲ್ಲ, ಅಷ್ಟ!"

ಅಷ್ಟರಲ್ಲಿ ಹೊರಗೆ ಮ್ಯಾನೇಜರ್ ಅನಿಲಕುಮಾರನ ಸ್ಕೂಟರು. ತಮ್ಮ ಕಡೆಯ ಬೆಳಗಾವಿಯವನೇ ಆದರೂ ಇಂಥ ದೃಷ್ಟಿ ತೆಗೆಯುವುದೆಲ್ಲ ಕಂಡರೆ ಉರಿದುಬೀಳುವವನು. ಗಾಬರಿಯಲ್ಲಿ ಗಂಗುಬಾಯಿ ಸುಟ್ಟ ಮೆಣಸಿನಕಾಯಿಗಳನ್ನು ಕೈಗೆ ಸಿಕ್ಕ ಬಟ್ಟೆಯಲ್ಲಿ ಮುದ್ದೆಮಾಡಿ ಮುಚ್ಚಿದಳು.

"ಮೌಶಿ, ಏಳನೇ ನಂಬರ್ ಎಲ್ಲೈತಿ?"

ಕೈಯಲ್ಲೇ ಇತ್ತು. ಬೆನ್ನು ತಿರುಗಿಸಿ ಕೊಡವಿ ಕೊಟ್ಟಳು. ಮೆಣಸಿನಕಾಯಿ ಉದುರಿದವು. ಪುಡಿ ಉದುರಲಿಲ್ಲ.

ಸಂಜೆ ಮೈದಾನದಲ್ಲಿ ಸಂತು ಎಸೆದದ್ದೆಲ್ಲ ಎದುರಾಳಿಗಳ ಪಾಲಾಯಿತು. ಅವನ ಕಣ್ಣು ಹೋದ ಕಡೆಗೇ ಅವರು ಓಡುತ್ತಿದ್ದರು. ಕೊನೆಯ ನಿಮಿಷದಲ್ಲಿ ಅವನು ಚೆಂಡು ಹಿಡಿಯುವ ಮೊದಲು ಅಂಗಿ ಎತ್ತಿ ಬೆವರು ಒರೆಸಿಕೊಂಡ.

"ಅಯ್ಯಯ್ಯೋ, ಕಣ್ಣು!"

ಕೈಗೆ ಬಂದ ಚೆಂಡನ್ನು ಕೆಂಡದಂತೆ ಎಸೆದುಬಿಟ್ಟ. ಎಲ್ಲಿಗೆಂದು ಅವನಿಗೇ ಗೊತ್ತಿರಲಿಲ್ಲ. ಎದುರಾಳಿಗಳಿಗೆ ಹೇಗೆ ಗೊತ್ತಾಗಬೇಕು? ದೂರದಲ್ಲಿ ಒಂಟಿಯಾಗಿ ನಿಂತಿದ್ದ ತಮ್ಮದೇ ತಂಡದ ಸಚಿನನ ತೋಳಿಗೇ ಬಂದು ಬಿತ್ತು. ಸಚಿನ ಚೆಂಡಿನೊಡನೆ ಎದುರಾಳಿಗಳ ಕೊನೆಯ ಗೆರೆ ದಾಟಿದ. ಗೆದ್ದರು!

ಗಂಗುಬಾಯಿ ಆನಂದದ ಕಣ್ಣೀರು ಒರೆಸಿಕೊಂಡಳು. ಬೆರಳಿಗೂ ಖಾರ ಇತ್ತು. ಆಮೇಲೆ ಬಂದದ್ದು ಯಾವ ಕಣ್ಣೀರೆಂದು ಅವಳಿಗೇ ತಿಳಿಯಲಿಲ್ಲ.

ಅನಿಲಕುಮಾರ ಕುಣಿಯುತ್ತ ಬಂದ. "ತಂಡ ಉಳೀತು, ಮೌಶಿ! ಹುಡುಗರು ಆಣಿ ಮಾಡ್ಯಾರ. ಸೋಲೂತನಕ ಒಂದು ಅಂಗೀನೂ ನೀರಿಗೆ ಹಾಕೂದಿಲ್ಲ. ಗೆದ್ದ ಅಂಗಿ ಒಗದ್ರ ಅದೃಷ್ಟ ತೊಳದ ಹೋಕ್ಕೈತಿ."

"ಹಂಗಾರ ನಾನು?"

"ನಾಳಿಂದ ಬರಬ್ಯಾಡ್ರಿ." ಅವನ ದನಿ ತಗ್ಗಿತು. "ನಿಮಗ ಇದೆಲ್ಲಾ ಮೂಢನಂಬಿಕಿ ಅನಸ್ತೈತಿ, ಏನೋ."

ಚಾಳಿನ ಬಾಗಿಲಲ್ಲಿ ಸೋಮವ್ವ ಕಾದಿದ್ದಳು. "ಏನಾತು?"

"ಗೆದ್ದರು," ಎಂದಳು ಗಂಗುಬಾಯಿ.

ಅಂಗಿಗಳನ್ನಿಡುವ ಮೈದಾನದ ಕೋಣೆಯ ಬೀಗದ ಕೈ ಇನ್ನೂ ಅವಳ ಸೆರಗಿನ ಗಂಟಿನಲ್ಲಿತ್ತು. ಕೇಳಿ ಇಸಕೊಳ್ಳಲು ಅನಿಲಕುಮಾರ ಮರೆತಿದ್ದ. ಮುಂದಿನ ಪಂದ್ಯ ಭಾನುವಾರ. ಶನಿವಾರ ಮುಂಜಾನೆ ಅಲ್ಲಿ ಯಾರೂ ಇರುವುದಿಲ್ಲ. ಗೆದ್ದರೆ ಒಗೆದದ್ದನ್ನು ಹೇಳುವುದು, ಸೋತರೆ ಹೇಳದಿರುವುದು. ಒಂದು ಅಂಗಿ ಒಣಗಲು ಎಷ್ಟು ಹೊತ್ತು ಬೇಕೆಂದು ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ಅವಳು ಒಳಗೆ ಹೋಗಿ, ಸೋಪಿನ ಬಿಲ್ಲೆಯನ್ನು ಕೈಚೀಲದ ತಳಕ್ಕೆ ಹಾಕಿಟ್ಟಳು.