ಅಡಿಯ ಅರ್ಥ ಕೆಡಿಸಿದವರ ಕುರಿತು ಉಪ್ಪಳದಿಂದ ಒಂದು ಬಿನ್ನಹ

ಮಾನ್ಯರೇ,

ಹಳೆಯ ಚಿತ್ರಗಳ ಏಕೈಕ ರಕ್ಷಕರೂ ನಮ್ಮ ಉಪ್ಪಳದ ಚಿತ್ರಸಂಘದ ಅಧ್ಯಕ್ಷರೂ ಆದ ಶ್ರೀ ಉದಯಶಂಕರರ ಸನ್ನಿಧಿಗೆ, ಅದೇ ಸಂಘದ ಹಿಂದಿನ ಸಾಲಿನ ಸದಸ್ಯೆ ದಮಯಂತಿ ತಲೆಬಾಗಿ ಮಾಡುವ ನಮಸ್ಕಾರಗಳು. ತಾವು ಆರೋಗ್ಯವಾಗಿದ್ದೀರೆಂಬುದು ಮೊನ್ನೆ ಮೈಕಿನಲ್ಲಿ ಕೇಳಿದ ದನಿಯಿಂದಲೇ ತಿಳಿಯಿತು.

ಕಳೆದ ಭಾನುವಾರ ತಾವು ನಲವತ್ತು ವರ್ಷ ಹಳೆಯ ಆ ಕನ್ನಡ ಸಾಂಸಾರಿಕ ಚಿತ್ರವನ್ನು, ಕನ್ನಡ ಬಾರದ ಮಕ್ಕಳಿಗೂ ಅರ್ಥವಾಗಲೆಂದು ಪರದೆಯ ಕೆಳಗೆ ಮಲಯಾಳದಲ್ಲಿ ಬರೆಯಿಸಿ ತೋರಿಸಿದಿರಿ. ದೊಡ್ಡ ಉಪಕಾರವಾಯಿತು. ನಾಯಕ ಮಹಾಶಯರು ಹೆಂಡತಿ ನಕ್ಕದ್ದಕ್ಕೊಮ್ಮೆ, ಕೆಲಸಕ್ಕೆ ಅರ್ಜಿ ಹಾಕಿದ್ದಕ್ಕೊಮ್ಮೆ, ತವರಿಗೆ ಹೋದದ್ದಕ್ಕೊಮ್ಮೆ, ಮರಳಿ ಬರಲು ತಡಮಾಡಿದ್ದಕ್ಕೆ ಇನ್ನೊಮ್ಮೆ ಅವಳ ಕೆನ್ನೆಗೆ ಬಾರಿಸಿದರು. ಅಬ್ಬಾ, ಎಂತಹ ಶಿಸ್ತು! ಕೊನೆಗೆ ಆಕೆ ಕಾಲಿಗೆ ಬಿದ್ದು 'ನಿಮ್ಮ ಅಡಿಯಲ್ಲೇ ನನ್ನ ಸ್ವರ್ಗ' ಎಂದಳು. ಕನ್ನಡದಲ್ಲಿ ಅಡಿ ಎಂದರೆ ಪಾದ, ಮಲಯಾಳದಲ್ಲಿ ಪೆಟ್ಟು. ಮನೆಯಲ್ಲಿ ಬ್ಯಾರಿ, ಶಾಲೆಯಲ್ಲಿ ಮಲಯಾಳ ಮಾತಾಡುವ ನಮ್ಮ ಶಹಾನಾ ಟೀಚರ್, ಆ ಬರಹಗಳನ್ನೆಲ್ಲ ಪುಕ್ಕಟೆ ಸಿದ್ಧಪಡಿಸಿಕೊಟ್ಟವಳು, ಅಲ್ಲಿ 'ನಿಮ್ಮ ಪೆಟ್ಟಿನಲ್ಲೇ ನನ್ನ ಸ್ವರ್ಗ' ಎಂದು ಬರೆದುಬಿಟ್ಟಿದ್ದಳು. ಮಕ್ಕಳೆಲ್ಲ ಬಿದ್ದು ಬಿದ್ದು ನಕ್ಕರು.

ತಾವು ನಗಲಿಲ್ಲ. ವೇದಿಕೆ ಹತ್ತಿ, "ಎಂತ ಟೀಚರೇ ಇದು, ಇಷ್ಟು ಒಳ್ಳೆ ಸಿನಿಮಾದ ಮಾನ ತೆಗೆದ್ರಲ್ಲ! ಆ ಕಾಲದ್ದನ್ನು ಆ ಕಾಲದ ಕಣ್ಣಿಂದಲೇ ನೋಡ್ಲಿಕ್ಕೆ ಉಂಟು" ಎಂದು ಗುಡುಗಿ, ಬರುವ ಭಾನುವಾರದೊಳಗೆ ಆಕೆ ಲಿಖಿತವಾಗಿ ಕ್ಷಮೆ ಕೇಳದಿದ್ದರೆ ಸಂಘದಿಂದ ಹೊರಗೆ ಎಂದು ಅಪ್ಪಣೆ ಕೊಡಿಸಿದಿರಿ. ಮೊದಲ ಚಪ್ಪಾಳೆ ನನ್ನ ಯಜಮಾನರಾದ ಜಯಪಾಲರದು.

ಆ ಕಾಲದ ಕಣ್ಣು ನನ್ನ ಹತ್ತಿರವೇ ಇದೆ, ಸ್ವಾಮಿ. ಎಡಗಣ್ಣು. ಮದುವೆಯಾದ ಹೊಸತರಲ್ಲಿ ಇದೇ ಚಿತ್ರವನ್ನು ಕಾಸರಗೋಡಿನ ಟಾಕೀಸಿನಲ್ಲಿ ಯಜಮಾನರ ಪಕ್ಕ ಕುಳಿತು ನೋಡಿ, ಕಾಲಿಗೆ ಬೀಳುವ ದೃಶ್ಯಕ್ಕೆ ಎಲ್ಲರಂತೆ ನಾನೂ ಸೆರಗಿನಲ್ಲಿ ಕಣ್ಣೊರೆಸಿಕೊಂಡಿದ್ದೆ. ಮರುವಾರ ಸಾರಿಗೆ ಉಪ್ಪು ಹೆಚ್ಚಾಯಿತೆಂದು ಯಜಮಾನರು ನಾಯಕರ ಹಾಗೆಯೇ ಕೈ ಬೀಸಿದರು. ಅಭ್ಯಾಸ ಸಾಲದೆ ಕೆನ್ನೆ ತಪ್ಪಿ ಕಣ್ಣಿಗೆ ತಾಗಿತು. ಹತ್ತು ದಿನ ಆ ಕಣ್ಣು ತೆರೆಯಲಿಲ್ಲ. ನೆರೆಮನೆಯವರಿಗೆ ಬಾಗಿಲು ಬಡಿಯಿತೆಂದು ಹೇಳಿದೆ. ಸಿಟ್ಟು ಆಗಲೂ ಬಂದಿತ್ತು, ಈಗಲೂ ಇದೆ, ಆದರೆ ಯಾರೂ ಅದನ್ನು ಪರದೆಯ ಮೇಲೆ ಬರೆದು ತೋರಿಸಿರಲಿಲ್ಲ.

ಆದ್ದರಿಂದ ತಮ್ಮಲ್ಲಿ ವಿನಂತಿ. ಮುಂದಿನ ಪ್ರದರ್ಶನಕ್ಕೆ ಬರುವ ಮಕ್ಕಳಿಗೆಲ್ಲ ಬಾಗಿಲಲ್ಲೇ ಆ ಕಾಲದ ಕಣ್ಣೊಂದನ್ನು ಹಂಚುವ ಏರ್ಪಾಡು ಮಾಡಿ, ಊದಿದ್ದಾದರೂ ಸರಿ. ನಗುವವರು ಮುಂಚಿತವಾಗಿ ಕಾಸರಗೋಡಿನ ವಿದ್ಯಾನಗರದ ಕಚೇರಿಗೆ ಹೋಗಿ ಕಲೆಕ್ಟರರ ಅನುಮತಿ ತರಲಿ, ಬಸ್ಸು ಬೇಕಾದಷ್ಟಿದೆ. ಕಪಾಳಕ್ಕೆ ಬೀಳುವ ಸದ್ದಿನ ಕೆಳಗೆಲ್ಲ 'ಇದು ಪ್ರೀತಿ' ಎಂದು ಬರೆಯಿಸಿ, ಇಲ್ಲದಿದ್ದರೆ ಈಗಿನವರಿಗೆ ಗೊತ್ತಾಗುವುದಿಲ್ಲ. ಹಳೆಯ ಚಿತ್ರವನ್ನು ಮೂಲೆಗೆ ಎಸೆಯಿರಿ ಎಂದು ನಾನು ಹೇಳುತ್ತಿಲ್ಲ. ಧಾರಾಳವಾಗಿ ತೋರಿಸಿ. ಶಹಾನಾ ಬರೆದ ಆ ಒಂದು ಸಾಲನ್ನು ಮಾತ್ರ ಮುಟ್ಟಬೇಡಿ.

ತಮ್ಮ ವಿಶ್ವಾಸಿ,
ದಮಯಂತಿ

ತಾ.ಕ.: ಶಹಾನಾ ಹೆದರಿ ಕ್ಷಮಾಪತ್ರ ಬರೆದು ನನಗೆ ತೋರಿಸಲು ತಂದಿದ್ದಳು. 'ನನ್ನಿಂದ ತಪ್ಪಾಗಿದೆ, ಕ್ಷಮಿಸಬೇಕು' ಎಂದು ಮುದ್ದಾಗಿ ಬರೆದಿದ್ದಾಳೆ, ಒಂದಕ್ಷರ ತಿದ್ದುವ ಹಾಗಿಲ್ಲ. ಅವಳ ಹೆಸರಿದ್ದ ಭಾಗವನ್ನು ಹರಿದು, ಉಳಿದದ್ದನ್ನು ಊಟದ ಮೇಜಿನ ಮೇಲೆ ಯಜಮಾನರ ಬಟ್ಟಲಿನ ಪಕ್ಕ ಪೆನ್ನಿನ ಜೊತೆ ಇಟ್ಟಿದ್ದೇನೆ. ಸಹಿ ಬಿದ್ದ ಮೇಲೆಯೇ ಅನ್ನ.