ಲೇಸರಿಗೊಂದು ತಗಡಿನ ಪೆಟ್ಟಿಗೆ

ಅಂಜುಬುರುಕರ ಬಾಳಿನಲ್ಲಿ ನಗುವ ಪ್ರಸಂಗಗಳಿಗೆ ಬರವೇ ಇಲ್ಲ. ಅದರಲ್ಲೂ ಅಂಜಿಕೆಯನ್ನು ಮುಚ್ಚಿಟ್ಟುಕೊಳ್ಳುವವರಾದರೆ ಕೇಳುವುದೇ ಬೇಡ. ನಾಸಿಕದಲ್ಲಿ ನನ್ನದೊಂದು ತಗಡಿನ ಕೆಲಸದ ಅಂಗಡಿಯಿತ್ತು. ಹಿಟ್ಟಿನ ಡಬ್ಬಿ, ತುಪ್ಪದ ಡಬ್ಬಿ, ಟ್ರಂಕು, ಯಾವುದನ್ನೂ ಯಾರೂ ಕೈಹಿಡಿದು ಕಲಿಸಿದ್ದಲ್ಲ. ಓಣಿಯವರು ನನ್ನನ್ನು ಗಟ್ಟಿಗಿತ್ತಿ ಅನ್ನುತ್ತಿದ್ದರು. ಒಳಗಿನ ಪುಕ್ಕಲು ನನಗೊಬ್ಬಳಿಗೇ ಗೊತ್ತು. ಎಪ್ಪತ್ತರ ದಶಕದ ಮೊದಲಲ್ಲಿ ಒಂದೇ ಒಂದು ಪೆಟ್ಟಿಗೆಯಿಂದ ಆದದ್ದನ್ನಷ್ಟೇ ಇಲ್ಲಿ ಬರೆಯುತ್ತೇನೆ.

ಒಂದು: ಗಿರಾಕಿ

ಓಝರ್ ಕಡೆ ವಿಮಾನದ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ ಧಾರವಾಡದ ಎಂಜಿನಿಯರರೊಬ್ಬರು ಒಂದು ಭಾನುವಾರ ಅಂಗಡಿಗೆ ಬಂದರು. ಕಂಕುಳಲ್ಲಿ ಹಳೆಯ ಸ್ವೆಟರಿನಲ್ಲಿ ಸುತ್ತಿದ ಗಾಜಿನ ಕೊಳವೆ. ಕೂಸನ್ನು ಮಲಗಿಸುವ ಹಾಗೆ ಅದನ್ನು ಮೇಜಿನ ಮೇಲೆ ಮಲಗಿಸಿದರು.

"ಇದು ಲೇಸರ್ ರೀ ಅಕ್ಕಾರ. ಮನ್ಯಾಗ ಕುಂತು ಮಾಡೀನಿ. ಔರಂಗಾಬಾದಿನ ಕಾಲೇಜಿನಾಗ ವಿಜ್ಞಾನ ಪ್ರದರ್ಶನ ಅದ, ಅಲ್ಲಿ ತೋರಸಬೇಕು. ಇದಕ್ಕೊಂದು ಸಣ್ಣ ಪೆಟಗಿ ಮಾಡಿಕೊಡ್ರಿ."

"ಏನು ಮಾಡ್ತದರೀ ಇದು?"

"ಬೆಳಕು ಕೊಡ್ತದ. ಕೆಂಪು ಬೆಳಕು, ದಾರದಂಗ ನೆಟ್ಟಗ ಹೋಗ್ತದ."

"ಅಷ್ಟs?"

"ಅಷ್ಟs. ಕಣ್ಣಾಗ ನೇರ ಬಿದ್ರ ಮಾತ್ರ ಕಣ್ಣು ಕೆಡತದ."

ನಾನು ಓದಲು ಕಲಿತದ್ದು ಮೂವತ್ತು ದಾಟಿದ ಮೇಲೆ. ಕಿರಾಣಿ ಸಾಮಾನು ಕಟ್ಟಿಕೊಟ್ಟ ಪೇಪರಿನ ತುಂಡುಗಳನ್ನು ಬಿಡಿಸಿ, ಒಂದೊಂದೇ ಅಕ್ಷರ ಕೂಡಿಸಿ ಕಲಿತದ್ದು. ಜಗತ್ತಿನಲ್ಲಿ ನಾನೇ ಸಂಪಾದಿಸಿದ್ದು ಅಂತ ಒಂದಿದ್ದರೆ ಅದು ಈ ಓದು. ಕಣ್ಣು ಹೋದರೆ ಅದೂ ಹೋಯಿತು. ಆಗುವುದಿಲ್ಲ ಅನ್ನಲು ಬಾಯಿ ತೆರೆದಿದ್ದೆ.

ಅಷ್ಟರಲ್ಲಿ ಅವರು, "ಅಂಜಿಕಿ ಬಂದ್ರ ಬಿಡ್ರಿ, ಬ್ಯಾರೆ ಕಡೆ ಮಾಡಸ್ತೀನಿ" ಅಂದರು.

"ಅಂಜಿಕಿ ಯಾರಿಗೆ?" ಅಂದೆ. ಆದರೆ ಅಳತೆ ಪಟ್ಟಿ ಹಿಡಿದು ಆ ಒಂದೇ ಕೊಳವೆಯನ್ನು ಮೂರು ಸಲ ಅಳೆದರೆ ಮೂರು ಉದ್ದ ಬಂತು.

ಎರಡು: ಹೊಳಪು

ನನ್ನ ಕೆಲಸದ ಹೆಮ್ಮೆಯೆಂದರೆ ಹೊಳಪು. ನನ್ನ ಡಬ್ಬಿಯೊಳಗೆ ಇಣುಕಿ ಹೆಂಗಸರು ಹಣೆಯ ಕುಂಕುಮ ಸರಿಮಾಡಿಕೊಳ್ಳುತ್ತಿದ್ದರು. ಮಾಲೇಗಾಂವಿನಲ್ಲಿ ಯಂತ್ರದ ಮಗ್ಗ ರಿಪೇರಿ ಮಾಡಿ ಮುದುಕರಾಗಿ ನನ್ನ ಅಂಗಡಿಯ ಕೆಲಸಕ್ಕೆ ಬಂದಿದ್ದ ಮಿಸ್ತ್ರಿಯವರಿಗೆ, ತಗಡಿನ ಮೇಲೆ ಒಂದು ಬೆರಳಿನ ಮಸಿ ಕಂಡರೂ ನಾನು ದಿನವಿಡೀ ಬಯ್ಯುತ್ತಿದ್ದೆ. ಲೇಸರಿನ ಪೆಟ್ಟಿಗೆಯನ್ನೂ ಒಳಗೆ ಹೊರಗೆ ಕನ್ನಡಿಯ ಹಾಗೆ ಉಜ್ಜಿಸಿದೆ. ಗಾಳಿಯಾಡಲು ಸುತ್ತಲೂ ಸಾಲು ತೂತು ಕೊರೆಸಿದೆ.

ಎಂಜಿನಿಯರರು ಕೊಳವೆ ಕೂರಿಸಿ, ಬೆಳಕು ಬೀಳುವ ಕಡೆಗೆ ಕಪ್ಪು ಬಳಿದ ಇಟ್ಟಿಗೆಯಿಟ್ಟು, ಸ್ವಿಚ್ ಹಾಕಿದರು. ಇಟ್ಟಿಗೆಯ ಮೇಲೆ ಒಂದು ಕೆಂಪು ಚುಕ್ಕೆ ಬಂತು. ಅದರ ಜೊತೆಗೆ ಗೋಡೆಯ ಮೇಲೆ ಒಂದು, ತೊಲೆಯ ಮೇಲೆ ಎರಡು, ಅವರ ಅಂಗಿಯ ಗುಂಡಿಯ ಮೇಲೊಂದು. ಕೊಳವೆಯ ಹಿಂದಿನ ತುದಿಯಿಂದಲೂ ಚೂರು ಬೆಳಕು ಸೋರುತ್ತದಂತೆ. ಅದು ನನ್ನ ಹೊಳಪಿಗೆ ಬಡಿದು, ಪುಟಿದು, ತೂತುಗಳಿಂದ ಹೊರಗೆ ಬರುತ್ತಿತ್ತು.

"ಕೆಳಗ ಕೂಡ್ರಿ" ಅಂದರು. ಹೇಳುವ ಮೊದಲೇ ನಾನು ಮೇಜಿನ ಕೆಳಗಿದ್ದೆ. ಅವರೂ ಬಂದರು.

"ಈಗ ಸ್ವಿಚ್ ಯಾರು ತಗೀಬೇಕ್ರಿ?" ಅಂತ ಕೇಳಿದೆ.

"ಸ್ವಿಚ್ ಮ್ಯಾಲದ" ಅಂದರು.

ಅಷ್ಟರಲ್ಲಿ ಮಿಸ್ತ್ರಿ ಬಾಗಿಲಿಗೆ ಬಂದು ಬಗ್ಗಿ ನೋಡಿದರು. "ಬಾಯಿ, ಏನು ಹುಡುಕುತ್ತಿದ್ದೀರಿ?" ಅಂತ ಮರಾಠಿಯಲ್ಲಿ ಕೇಳಿದರು. ನಮ್ಮವರು ಅಕ್ಕಾರ ಅನ್ನುವ ಕಡೆ ಅವರದು ಬಾಯಿ. ಹೆದರಿ ಕುಳಿತಿದ್ದೇವೆ ಅನ್ನಲು ನಾಲಿಗೆ ಬರಲಿಲ್ಲ. "ಸ್ಕ್ರೂ ಬಿದ್ದಿದೆ" ಅಂದೆ. ಪಾಪ, ಅವರೂ ಮೊಣಕಾಲೂರಿದರು. ಮೂವರೂ ಅಂಬೆಗಾಲಿಟ್ಟು ಮೀಟರಿನವರೆಗೆ ಹೋಗಿ ಮೇನ್ ತೆಗೆದೆವು. ಆಮೇಲೆ ನಾವಿಬ್ಬರು ಚಹಾ ಕುಡಿಯುತ್ತಾ ಕುಳಿತರೂ ಮಿಸ್ತ್ರಿ ಬಿಡಲಿಲ್ಲ. ಒಂದು ಗಂಟೆ ಹುಡುಕಿ, ಎಲ್ಲಿಂದಲೋ ಒಂದು ಸ್ಕ್ರೂ ತಂದೇ ಕೊಟ್ಟರು.

ಮೂರು: ಮಸಿ

ಪೆಟ್ಟಿಗೆಯೊಳಗೆ ಹೊಳಪು ಒಂದಿಷ್ಟೂ ಇರಬಾರದು, ಕಾಡಿಗೆಯಂತೆ ಕಪ್ಪಾಗಬೇಕು ಅಂದರು ಎಂಜಿನಿಯರರು. ನೇರ ತೂತು ಮುಚ್ಚಿಸಿ, ಗಾಳಿ ಮಾತ್ರ ತಿರುಗಿ ಬರುವ ಹಾಗೆ ತಗಡಿನ ಮಡಿಕೆ ಹಾಕಿಸಿದೆ. ಚಿಮಣಿ ದೀಪದ ಮಸಿಗೆ ವಾರ್ನಿಷ್ ಕಲಸಿ ಬ್ರಶ್ಶನ್ನು ಮಿಸ್ತ್ರಿಯವರ ಕೈಗೆ ಕೊಟ್ಟೆ.

ಮುದುಕರು ಅಷ್ಟು ಆನಂದದಿಂದ ಕೆಲಸ ಮಾಡಿದ್ದನ್ನು ನಾನು ನೋಡಿರಲಿಲ್ಲ. ಕೊನೆಯ ಮೂಲೆಯನ್ನು ನನ್ನ ಕೈಯಲ್ಲೇ ಬಳಿಸಿ, ಕನ್ನಡಕ ಏರಿಸಿ, ಒಳಗೆಲ್ಲ ಕಣ್ಣಾಡಿಸಿ, ನನ್ನದೇ ಧಾಟಿಯಲ್ಲಿ ಹೇಳಿದರು: "ಬಾಯಿ, ಈ ಮೂಲೆಯಲ್ಲಿ ಇನ್ನೂ ಸ್ವಲ್ಪ ಹೊಳೆಯುತ್ತಿದೆ. ಕೆಲಸ ಅಂದರೆ ಹೀಗೇನಾ ಮಾಡುವುದು?"

ನಾಲ್ಕು: ಸೊಂಟದಲ್ಲಿ ಕೈ

ಬೆಳಕಿನ ಅಂಜಿಕೆ ಇನ್ನೂ ಇಳಿದಿರಲಿಲ್ಲ, ಕರೆಂಟಿನದು ಶುರುವಾಯಿತು.

"ಸ್ವಿಚ್ ತಗದ ಮ್ಯಾಲೂ ಒಳಗ ಕರೆಂಟ್ ಕುಂತಿರ್ತದ್ರಿ" ಅಂದರು ಎಂಜಿನಿಯರರು.

"ಎಷ್ಟೊತ್ತು?"

"ಅದನ್ನ ಇಳಸೂ ತನಕ. ಇಳಸಲಿಕ್ಕೆ ಒಂದು ಸಾಮಾನು ಹಾಕ್ತೀನಿ. ಅಲ್ಲೀತನಕ ಪೆಟಗಿ ಹತ್ರ ಬಂದ್ರ ಒಂದು ಕೈ ಕಿಸೇದಾಗ ಇರಲಿ. ಎರಡೂ ಕೈ ಹಚ್ಚಿದ್ರ ಕರೆಂಟ್ ಎದಿ ಹಾದು ಹೋಗ್ತದ."

"ಸೀರಿಗೆ ಕಿಸೆ ಎಲ್ಲದರೀ ಸಾಹೇಬ್ರ?"

ನಾನು ಎಡಗೈಯನ್ನು ಸೊಂಟದ ನೆರಿಗೆಗೆ ಸಿಕ್ಕಿಸಿಕೊಂಡೆ. ಹೊಳೆಯುವುದೇನೂ ಇರಬಾರದು ಅಂದಿದ್ದರಲ್ಲ. ಗಂಡ ಗಟ್ಟಿಮುಟ್ಟಾಗಿರುವಾಗ ಬಳೆ ತೆಗೆಯುವುದುಂಟೆ? ಬಳೆಗೂ ಮೂಗುತಿಗೂ ಕರೆಂಟಿನ ಕಪ್ಪು ಪಟ್ಟಿ ಸುತ್ತಿಕೊಂಡೆ. ವಾರ ಕಳೆಯುವುದರೊಳಗೆ ಅದೇ ರೂಢಿಯಾಗಿ, ಪೇಟೆಗೂ ಹಾಗೇ ಹೋಗಿ ಒಂದೇ ಕೈಯಲ್ಲಿ ಬದನೆಕಾಯಿ ಆರಿಸಿದೆ.

ನಾವೆಲ್ಲ ಮಾವಶಿ, ಅಂದರೆ ಚಿಕ್ಕಮ್ಮ, ಅನ್ನುತ್ತಿದ್ದ ಪಕ್ಕದ ಮನೆಯವರು ನೋಡಿದ್ದಾರೆ. ಲಾಸಲಗಾಂವಿನ ಉಳ್ಳಾಗಡ್ಡಿ ಮಾರುಕಟ್ಟೆಯಲ್ಲಿ ತೂಕದ ಕೆಲಸಕ್ಕಿದ್ದ ನಮ್ಮ ಮನೆಯವರಿಗೆ ಹೇಳಿ ಕಳಿಸಿದ್ದಾರೆ, ನಿಮ್ಮ ಹೆಂಡತಿಗೆ ಲಕ್ವಾ ಹೊಡೆದು ಎಡಗೈ ಬಿದ್ದುಹೋಗಿದೆ, ಮೂಗಿಗೂ ಪಟ್ಟಿ ಹಾಕಿದ್ದಾರೆ ಅಂತ. ಶನಿವಾರ ಬರಬೇಕಾದವರು ಬುಧವಾರವೇ ಎಣ್ಣೆಯ ಬಾಟಲಿ ಹಿಡಿದು ಓಡಿಬಂದರು.

"ಕೆಲಸಾ ಬಿಟ್ಟು ಯಾಕ ಬಂದ್ರಿ? ಯಾರು ಹೇಳಿದ್ರು ನಿಮಗ? ಒಂದು ಮಾತು ಕೇಳಿ ಬರಬಾರದ?" ಅಂತ ನಾನು ಶುರುಮಾಡಿದೆ.

ಅವರು ಬಾಟಲಿಯನ್ನು ಹೊಸ್ತಿಲ ಮೇಲಿಟ್ಟು, ಹಿಂದೆ ನಿಂತಿದ್ದ ಮಾವಶಿಗೆ ಹೇಳಿದರು: "ಅಂಜಬ್ಯಾಡ್ರಿ. ನಾಲಿಗಿ ಉಳದದ."

ಐದು: ಔರಂಗಾಬಾದ್

ಪೆಟ್ಟಿಗೆ ಮುಗಿಯುವ ಹೊತ್ತಿಗೆ ಮಿಸ್ತ್ರಿ ಒಂದು ಮಾತು ಹೇಳಿದರು: "ಎಳೆ ಕಡಿದರೆ ಮಗ್ಗ ತಾನೇ ನಿಲ್ಲುತ್ತದಲ್ಲ ಬಾಯಿ, ಹಾಗೆ ಮುಚ್ಚಳ ತೆಗೆದರೆ ಇದೂ ನಿಲ್ಲಬೇಕು."

ಅದು ನನಗೆ ಹಿಡಿಸಿತು. ಮುಚ್ಚಳದ ಅಂಚಿಗೆ ಒಂದು ಸ್ವಿಚ್ಚಿನ ಗುಂಡಿ. ಮುಚ್ಚಿದಾಗಷ್ಟೇ ಒತ್ತಿಕೊಂಡಿರಬೇಕು, ತೆಗೆದರೆ ಬೆಳಕು ಆರಬೇಕು. ಎಂಜಿನಿಯರರಿಗೆ ಸಿಟ್ಟು ಬಂತು. "ಮುಚ್ಚಳ ತಗಿಯಾವ ನಾನೊಬ್ಬನs. ನನಗ ಗೊತ್ತಿಲ್ಲೇನ್ರಿ? ಯಾಕ ಬೇಕು ಇದೆಲ್ಲಾ?"

"ಗುಂಡಿ ಇಲ್ಲದ ಪೆಟಗಿ ನನ್ನ ಅಂಗಡಿ ದಾಟೂದಿಲ್ಲ" ಅಂದೆ. ಎರಡು ದಿನ ಮಾತು ಬಿಟ್ಟರು. ಮೂರನೆಯ ದಿನ ತಾವೇ ತಂತಿ ಕಟ್ಟಿದರು.

ಪ್ರದರ್ಶನಕ್ಕೆ ನಾನೂ ಹೋದೆ. ಯೇವಲಾ ದಾಟಿ ಔರಂಗಾಬಾದ್ ಮುಟ್ಟುವವರೆಗೂ ಬಸ್ಸಿನಲ್ಲಿ ಪೆಟ್ಟಿಗೆ ನನ್ನ ತೊಡೆಯ ಮೇಲೇ ಇತ್ತು. ಕಾಲೇಜಿನ ಸಭಾಗೃಹ ತುಂಬಿತ್ತು. ಮೇಜಿನ ಸುತ್ತ ಹಗ್ಗ ಕಟ್ಟಿ, ಎದುರಿಗೆ ಕಪ್ಪು ಇಟ್ಟಿಗೆಯಿಟ್ಟಿದ್ದರು. ಎಂಜಿನಿಯರರು ಎಲ್ಲರಿಗೂ ಬೆನ್ನು ಮಾಡಿ ಕರಿಹಲಗೆಯ ಮೇಲೆ ಬರೆಯುತ್ತಾ ವಿವರಿಸುತ್ತಿದ್ದರು. ಬೆಳಕು ಹೊತ್ತಿಕೊಂಡೇ ಇತ್ತು, ನಾನು ಪೆಟ್ಟಿಗೆಯ ಪಕ್ಕದಲ್ಲಿ ನಿಂತಿದ್ದೆ.

ಆ ದಿನದ ಮುಖ್ಯ ಅತಿಥಿಗಳು ಒಬ್ಬ ದೊಡ್ಡ ಅಧಿಕಾರಿ. ದೊಡ್ಡವರಿಗೆ ಹಗ್ಗ ಹಗ್ಗವಲ್ಲ. ಸದ್ದಿಲ್ಲದೆ ಎದ್ದು ಬಂದು, ಹಗ್ಗ ಎತ್ತಿ ಒಳಗೆ ನುಸುಳಿ, ಇಟ್ಟಿಗೆಯನ್ನು ಪಕ್ಕಕ್ಕೆ ಸರಿಸಿದರು. ಬಯೋಸ್ಕೋಪಿನ ಡಬ್ಬಿ ನೋಡುವವರ ಹಾಗೆ ಒಂದು ಕಣ್ಣು ಮುಚ್ಚಿ, ಬೆಳಕಿನ ತೂತಿಗೆ ಇನ್ನೊಂದು ಕಣ್ಣಿಡಲು ಬಗ್ಗಿದರು.

ಕೂಗಬೇಕೆಂದೆ. ಓಣಿಯನ್ನೆಲ್ಲ ನಡುಗಿಸುವ ನಾಲಿಗೆ ಬೇಕಾದ ಹೊತ್ತಿಗೆ ಕೈಕೊಟ್ಟಿತು. ಮೊಟ್ಟಮೊದಲು ಅಕ್ಷರ ಕೂಡಿಸಿ ಓದಿದ ಆ ಪೇಪರಿನ ತುಂಡು ಕಣ್ಣ ಮುಂದೆ ಬಂದುಹೋಯಿತು. ಮುಚ್ಚಳವನ್ನು ಹಿಡಿದು ಕಿತ್ತೆಳೆದೆ. ಬೆಳಕು ಆರಿತು. ಅವರ ಕಣ್ಣು ತೂತಿಗೆ ತಾಗಿದ್ದು ಆಮೇಲೆ.

ಎಂಜಿನಿಯರರು ಸೀಮೆಸುಣ್ಣ ಹಿಡಿದು ತಿರುಗಿ ನಿಂತವರು ಹಾಗೇ ನಿಂತುಬಿಟ್ಟರು. ನನ್ನ ಬಲಗೈಯಲ್ಲಿ ಮುಚ್ಚಳ. ಎಡಗೈ, ನೋಡುತ್ತೇನೆ, ಸೊಂಟದಲ್ಲಿ ಭದ್ರವಾಗಿತ್ತು.

ಅತಿಥಿಗಳು ನಿಧಾನವಾಗಿ ಎದ್ದು ನಿಂತು, ನನ್ನನ್ನು ಮೇಲಿಂದ ಕೆಳಗೆ ನೋಡಿ, ಮರಾಠಿಯಲ್ಲಿ ಹೇಳಿದರು: "ಬಾಯಿ, ನಿಮ್ಮ ಯಂತ್ರ ಕೆಟ್ಟಿದೆ. ಒಳಗೆ ಏನೂ ಕಾಣುವುದಿಲ್ಲ."

ಆಗ ನನ್ನ ನಾಲಿಗೆ ವಾಪಸು ಬಂತು.

"ಸಾಹೇಬರೇ, ಈಗ ಏನಾದರೂ ಕಂಡಿದ್ದರೆ, ನಾಳೆ ನನ್ನ ಮೇಲಿನ ದೂರನ್ನೂ ಬೇರೆಯವರ ಕೈಯಲ್ಲಿ ಬರೆಸಬೇಕಾಗುತ್ತಿತ್ತು."